ಮೇವುನೀರಿನೊಡನೆ ಹೊಗುವ ಜಾಡ್ಯಗಳು

ಮುಂಗಾರು ಮಳೆಯಾಗಿ ಕೆರೆಯಂಗಳದಲ್ಲಿ ಹಸುರು ಚಿಗುರಿದ ಮೇಲೆ ಕುರಿದನಗಳು ಮೈತುಂಬಿಕೊಳ್ಳುವುದು ಸಹಜವು. ಆದರೆ ಕೆಲವು ಹಿಂಡುಗಳಲ್ಲಿ ಇದಕ್ಕೆ ವಿಪರೀತವಾಗಿ, ಮಳೆಗಾಲ ಕಳೆದು ಕಾರ್ತಿಕ ಮಾರ್ಗಶಿರ ಮಾಸಗಳು ಬರುವ ವೇಳೆಗೆ ಕುರಿಗಳು ದಿನೇ ದಿನೇ ಬಡವಾಗುವುವು. ಜ್ವರವಿಲ್ಲ, ಕೆಮ್ಮಿಲ್ಲ, ಮೇವನ್ನು ಮುಟ್ಟದೆಯೂ ಇಲ್ಲ. ಕಣ್ಣಿನ ರೆಪ್ಪೆಯನ್ನು ಹೊರಳಿಸಿ ನೋಡಿದರೆ ಕೆಂಪಾಗಿರಬೇಕಾದ ಸ್ಥಳವು ಸುಣ್ಣದಂತೆ ಬೆಳ್ಳಗಿರುವುದು. ಸಂಜೆ ಹಟ್ಟಿಗೆ ಮರಳುವಾಗ ಗದ್ದದ ಕೆಳಗೆ ಮೆತ್ತನೆಯ ಚೀಲದಂತೆ ಬಾವು ಜೋತಾಡುತ್ತಿದ್ದು, ರಾತ್ರಿ ಮಲಗಿ ಎದ್ದ ಮೇಲೆ ಅದು ಅಷ್ಟಿಷ್ಟು ಇಳಿದಂತೆ ತೋರುವುದು. ಹೀಗೆ ಕೆಲವು ವಾರಗಳು ಕಳೆದ ಮೇಲೆ ಒಂದು ಬೆಳಿಗ್ಗೆ ಕುರಿಯು ಏಳುವುದೇ ಇಲ್ಲ.

ಈ ಲೇಖಕನು ಕೆಲವು ವರ್ಷಗಳ ಹಿಂದೆ ತುಮಕೂರು ಸೀಮೆಯ ಒಂದು ಗ್ರಾಮಕ್ಕೆ ಹೋಗಿದ್ದಾಗ ವಯಸ್ಸಾದ ಕುರಿಗಾಹಿಯೊಬ್ಬರು ಇದೇ ಸಂಗತಿಯನ್ನು ಹೇಳಿಕೊಂಡರು. “ಸ್ವಾಮೀ, ಔಷಧ ಕುಡಿಸಿದ್ದಾಯಿತು. ಎರಡು ತಿಂಗಳು ಚೆನ್ನಾಗಿದ್ದವು. ಈಗ ಮತ್ತೆ ಗದ್ದ ಊದಿದೆ. ಔಷಧದಲ್ಲಿ ಸತ್ವವಿಲ್ಲವೋ, ನನ್ನ ಹಣೆಬರಹವೋ ತಿಳಿಯದು” ಎಂದರು. “ಯಜಮಾನರೇ, ಕುರಿಗಳು ನೀರು ಕುಡಿಯುವುದೆಲ್ಲಿ?” ಎಂದು ಕೇಳಲು, ತೂಬಿನ ಕೆಳಗಿನ ಜೌಗು ನೆಲವನ್ನು ಕೈಮಾಡಿ ತೋರಿಸಿದರು. ಅಲ್ಲಿಗೆ ಹೋಗಿ ಹುಲ್ಲನ್ನು ಬಿಡಿಸಿ ನೋಡಿದೆವು. ನಿಂತ ನೀರಿನ ಅಂಚಿನಲ್ಲಿ ಹುಲ್ಲಿನ ಬುಡಕ್ಕೆ ಅಂಟಿಕೊಂಡು ಕಂದುಬಣ್ಣದ ತೆಳುಚಿಪ್ಪಿನ ಬಸವನಹುಳುಗಳು ಬೊಗಸೆ ಬೊಗಸೆಯಾಗಿದ್ದವು. ಔಷಧದಲ್ಲಿ ದೋಷವಿರಲಿಲ್ಲ. ಗುಣವಾದ ಕುರಿಯನ್ನು ಪ್ರತಿದಿನವೂ ಅದೇ ಜಾಗಕ್ಕೆ ಕರೆತಂದು ರೋಗವನ್ನು ಮತ್ತೆ ಮೇಯಿಸುತ್ತಿದ್ದುದೇ ದೋಷವಾಗಿದ್ದಿತು.

ಒಂದು ಪ್ರಾಣಿಯ ದೇಹದಲ್ಲಿ ಸೇರಿಕೊಂಡು ಅದರ ರಕ್ತಮಾಂಸಗಳಿಂದಲೇ ಜೀವಿಸುವ ಪ್ರಾಣಿಗೆ ಪರೋಪಜೀವಿಯೆಂದೂ, ಅದಕ್ಕೆ ಎಡೆಗೊಡುವ ಪ್ರಾಣಿಗೆ ಆತಿಥೇಯ ಪ್ರಾಣಿಯೆಂದೂ ಹೆಸರು. ಕರೆಯದೆ ಬಂದು ಮನೆಯನ್ನೇ ತಿನ್ನುವವನಿಗೆ ಅತಿಥಿಯೆಂಬ ಮಾತು ಸಲ್ಲದಾದರೂ ಶಾಸ್ತ್ರದಲ್ಲಿ ಈ ಹೆಸರೇ ನಿಂತುಹೋಗಿದೆ. ಮೇಲೆ ಹೇಳಿದ ಕುರಿಗಳಲ್ಲಿದ್ದ ಪರೋಪಜೀವಿಯು ಯಕೃತ್ತಿನ ಚಪ್ಪಟೆ ಹುಳು. ಯಕೃತ್ತೆಂದರೆ ಮಾಂಸದ ಅಂಗಡಿಯಲ್ಲಿ ಕಲೀಜವೆಂದು ಮಾರುವ ಅಂಗವೇ. ನಮ್ಮ ಬಯಲುಸೀಮೆಯಲ್ಲಿಯೂ ಮಲೆನಾಡಿನಲ್ಲಿಯೂ ಕಾಣುವ ಜಾತಿಗೆ ಫ್ಯಾಸಿಯೋಲ ಜೈಗ್ಯಾಂಟಿಕವೆಂದು ಹೆಸರು. ಎಲೆಯಂತೆ ಚಪ್ಪಟೆಯಾಗಿದ್ದು 7 ಸೆಂಟಿಮೀಟರುಗಳವರೆಗೂ ಬೆಳೆಯುವುದು. ಶೀತದೇಶಗಳಲ್ಲಿರುವ ಇದರ ದಾಯಾದಿಯಾದ ಫ್ಯಾಸಿಯೋಲ ಹೆಪಾಟಿಕವು ಇದರ ಅರ್ಧದಷ್ಟೂ ಇರುವುದಿಲ್ಲ.

ಈ ಹುಳುವು ಕುರಿಯ ಹೊಟ್ಟೆಗೆ ಎಲ್ಲಿಂದ ಬರುವುದೆಂಬುದು ಬಹುಕಾಲ ಯಾರಿಗೂ ತಿಳಿದಿರಲಿಲ್ಲ. ಫ್ರಾನ್ಸ್ ದೇಶದ ಝಾನ್ ದ ಬ್ರೀ ಎಂಬ ಕುರಿಗಾಹಿಯು 1379ನೆಯ ಇಸವಿಯಲ್ಲಿಯೇ ಇದರ ವಿಷಯವಾಗಿ ಬರೆದಿದ್ದಾನೆ. ಅಂದಿನಿಂದ ಐನೂರು ವರ್ಷಗಳವರೆಗೆ ಜೌಗುನೆಲದಲ್ಲಿ ಮೇಯ್ದ ಕುರಿಗೆ ಈ ರೋಗ ಬರುವುದೆಂಬಷ್ಟು ಮಾತ್ರ ಎಲ್ಲರಿಗೂ ಗೊತ್ತಿದ್ದಿತು, ಕಾರಣ ಗೊತ್ತಿರಲಿಲ್ಲ. 1879-80ರಲ್ಲಿ ಇಂಗ್ಲೆಂಡಿನಲ್ಲಿ ಮಳೆ ವಿಪರೀತವಾಗಿ ಬಿದ್ದು ಸುಮಾರು 30 ಲಕ್ಷ ಕುರಿಗಳು ಈ ಹುಳುವಿಗೆ ಬಲಿಯಾದವು. ಆಗ ಅಲ್ಲಿಯ ರಾಜಮನ್ನಣೆ ಪಡೆದ ಕೃಷಿಸಂಘವು ಈ ವಿಚಾರವನ್ನು ಶೋಧಿಸುವುದಕ್ಕೆ ಆಕ್ಸ್‌ಫರ್ಡಿನ ತರುಣ ಪಂಡಿತನಾದ ಆಲ್ಜರ್ನನ್ ಥಾಮಸನನ್ನು ನೇಮಿಸಿತು. ಹುಳುವಿನ ಮರಿಯು ಯಾವುದೋ ಒಂದು ಬಸವನಹುಳುವಿನಲ್ಲಿ ಬೆಳೆಯುವುದೆಂದು ಆತನು ಊಹಿಸಿ ಒಂದೊಂದು ಜಾತಿಯನ್ನಾಗಿ ಪರೀಕ್ಷಿಸಿದನು. ತನಗೆ ಸಂಶಯವಿದ್ದ ಚಿಕ್ಕ ಜಾತಿಯ ಹುಳುಗಳು ಮಾತ್ರ ಎಷ್ಟು ಹುಡುಕಿದರೂ ಪರೀಕ್ಷೆಗೆ ಸಾಲುವಷ್ಟು ಸಿಕ್ಕಲಿಲ್ಲ. 1882ನೆಯ ಇಸವಿ ಜುಲೈ ತಿಂಗಳಿನಲ್ಲಿ ನದಿಗೆ ಪ್ರವಾಹ ಬಂದು, ಬೇಕಾದ ಹುಳುಗಳು ರಾಶಿ ರಾಶಿಯಾಗಿ ದಡಕ್ಕೆ ಬಂದು ಬಿದ್ದವು. ಕೆಲವೇ ತಿಂಗಳುಗಳಲ್ಲಿ ಇಡೀ ಜೀವನಕ್ರಮವು ಸ್ಪಷ್ಟವಾಯಿತು. ಅದೇ ಸಮಯದಲ್ಲಿ ಜರ್ಮನಿಯ ಲೈಪ್‌ಜಿಗ್ ನಗರದಲ್ಲಿ ಲಾಯ್ಕಾರ್ಟ್ ಎಂಬ ವೃದ್ಧ ಪ್ರಾಧ್ಯಾಪಕರೂ ಪ್ರತ್ಯೇಕವಾಗಿ ಇದೇ ನಿರ್ಣಯಕ್ಕೆ ಬಂದರು.

ಆ ಜೀವನಕ್ರಮವನ್ನು ರೈತರು ಸ್ವಲ್ಪ ತಾಳ್ಮೆಯಿಂದ ತಿಳಿದುಕೊಳ್ಳತಕ್ಕದ್ದು. ಏಕೆಂದರೆ ರೋಗವನ್ನು ತಡೆಯುವ ಉಪಾಯಗಳೆಲ್ಲವೂ ಅದರಲ್ಲಿಯೇ ಅಡಗಿವೆ. ಯಕೃತ್ತಿನೊಳಗಿನ ಪಿತ್ತದ ನಾಳಗಳಲ್ಲಿ ವಾಸವಾಗಿರುವ ಹುಳುವು ದಿನಕ್ಕೆ 20,000ದಷ್ಟು ಮೊಟ್ಟೆಗಳನ್ನು ಇಡಬಲ್ಲದು. ಇವು ಪಿತ್ತರಸದೊಡನೆ ಕರುಳಿಗಿಳಿದು ಸಗಣಿ ಹಿಕ್ಕೆಗಳೊಡನೆ ಹೊರಬೀಳುವುವು. ಒಣನೆಲದಲ್ಲಿ ಬಿದ್ದವು ಬಿಸಿಲಿಗೆ ಸತ್ತುಹೋಗುವುವು. ನೀರಿನಲ್ಲಿ ಬಿದ್ದವು ಮಾತ್ರ ಎರಡು ಮೂರು ವಾರಗಳಲ್ಲಿ ಒಡೆದು, ಕಣ್ಣಿಗೆ ಕಾಣದಷ್ಟು ಸಣ್ಣ ಮರಿಗಳು ಈಜತೊಡಗುವುವು. ಈ ಮರಿಗೆ ಬಾಯಿಯಿಂದ ಉಣ್ಣುವ ಶಕ್ತಿಯಿಲ್ಲ. ಸುಮಾರು ಒಂದು ದಿನದೊಳಗಾಗಿ ತನಗೆ ತಕ್ಕ ಬಸವನಹುಳು ಸಿಕ್ಕಿದರೆ ಅದರ ಮೈಯನ್ನು ಕೊರೆದು ಒಳಹೊಗುವುದು, ಸಿಕ್ಕದಿದ್ದರೆ ಸಾಯುವುದು. ಒಳಹೊಕ್ಕ ಒಂದು ಮರಿಯು ಒಂದಾಗಿಯೇ ಉಳಿಯುವುದಿಲ್ಲ. ರೂಪವನ್ನು ಬದಲಿಸುತ್ತ, ಒಂದರಿಂದ ಹತ್ತು, ಹತ್ತರಿಂದ ನೂರಾಗಿ, ಬಾಲವುಳ್ಳ ನೂರಾರು ಮರಿಗಳಾಗಿ ಹೊರಬರುವುದು. ಇವು ಹುಲ್ಲಿನ ಕಡ್ಡಿಗೋ ಜೊಂಡಿಗೋ ತಗುಲಿಕೊಂಡು ಬಾಲವನ್ನು ಕಳಚಿ, ಗಟ್ಟಿಯಾದ ಕೋಶವನ್ನು ಸುತ್ತಿಕೊಂಡು ಕಾದಿರುವುವು. ತೇವವಿದ್ದಲ್ಲಿ ಹೀಗೆ ಅನೇಕ ವಾರಗಳವರೆಗೆ ಜೀವದಿಂದಿರಬಲ್ಲವು. ಕುರಿಯು ಆ ಹುಲ್ಲನ್ನು ಮೇಯ್ದರೆ ಅಲ್ಲಿಗೆ ಚಕ್ರವು ಪೂರ್ಣವಾಯಿತು.

ಮೇಯ್ದ ಮೇಲೆ ಆಗುವ ಅನರ್ಥವು ಎರಡು ಘಟ್ಟಗಳಲ್ಲಿ ನಡೆಯುವುದು. ಮೊದಲು ಎಳೆಯ ಹುಳುಗಳು ಕರುಳಿನ ಗೋಡೆಯನ್ನು ತೂರಿ ಯಕೃತ್ತನ್ನು ಸೇರಿ, ಗೆದ್ದಲು ಮರವನ್ನು ತಿನ್ನುವಂತೆ ಅದರಲ್ಲಿ ಸುರಂಗಗಳನ್ನು ಕೊರೆಯುತ್ತ ವಾರಗಟ್ಟಲೆ ಅಲೆಯುವುವು. ಒಂದೇ ಸಲಕ್ಕೆ ಸಾವಿರಾರು ಕೋಶಗಳನ್ನು ನುಂಗಿದ ಕುರಿಯು ಈ ಘಟ್ಟದಲ್ಲಿಯೇ ಯಕೃತ್ತಿನೊಳಗೆ ರಕ್ತ ಸೋರಿ ಹಠಾತ್ತಾಗಿ ಸಾಯುವುದುಂಟು. ಇಂತಹ ಸಾವನ್ನು ಹಾವಿನ ಕಡಿತವೆಂದೋ ದೃಷ್ಟಿದೋಷವೆಂದೋ ಹೇಳಿ ಹೂಳಿಬಿಡುವರು. ಇಲ್ಲಿ ಇನ್ನೊಂದು ತೊಡಕುಂಟು: ಆಗ ಹಿಕ್ಕೆಯನ್ನು ಸೂಕ್ಷ್ಮದರ್ಶಕದಿಂದ ನೋಡಿದರೂ ಮೊಟ್ಟೆಗಳು ಕಾಣುವುದಿಲ್ಲ. ಹುಳು ಬಲಿತು ಮೊಟ್ಟೆಯಿಡುವುದಕ್ಕೆ ಮೂರು ತಿಂಗಳಿಗಿಂತಲೂ ಹೆಚ್ಚು ಕಾಲ ಬೇಕು. ಆದುದರಿಂದ ಪರೀಕ್ಷೆಯಲ್ಲಿ ಏನೂ ಸಿಕ್ಕಲಿಲ್ಲವೆಂದು ನಿಶ್ಚಿಂತರಾಗಕೂಡದು. ಸತ್ತ ಕುರಿಯ ಹೊಟ್ಟೆಯನ್ನು ಪಶುವೈದ್ಯರಿಂದ ಕೊಯ್ಯಿಸಿ ನೋಡಿಸುವುದು ಮೇಲು.

ಎರಡನೆಯ ಘಟ್ಟದಲ್ಲಿ ಬಲಿತ ಹುಳುಗಳು ಪಿತ್ತನಾಳಗಳಲ್ಲಿ ನೆಲಸಿ ರಕ್ತವನ್ನು ಕುಡಿಯುವುವು. ಒಂದು ಹುಳುವಿನಿಂದ ದಿನಕ್ಕೆ ಅರ್ಧ ಮಿಲಿಲೀಟರಿನವರೆಗೂ ರಕ್ತ ನಷ್ಟವಾಗಬಹುದು. ನೂರು ಹುಳುಗಳಿದ್ದ ಕುರಿಯ ಗತಿಯನ್ನು ವಾಚಕರೇ ಲೆಕ್ಕ ಹಾಕಬಹುದು. ರಕ್ತದೊಳಗಿನ ಸಾರವು ಕಡಮೆಯಾದ ಕಾರಣ ನೀರು ನಾಳಗಳಲ್ಲಿ ನಿಲ್ಲದೆ ಗದ್ದದ ಕೆಳಗೆ ಇಳಿಯುವುದು; ತಲೆ ತಗ್ಗಿಸಿ ಮೇಯುವುದರಿಂದ ಸಂಜೆಗೆ ಬಾವು ಹೆಚ್ಚುವುದು. ಎಮ್ಮೆದನಗಳು ಸಾಮಾನ್ಯವಾಗಿ ಇದರಿಂದ ಸಾಯುವುದಿಲ್ಲ. ಹಾಲು ತಗ್ಗುವುದು, ಬೆದೆ ತಡವಾಗುವುದು, ಉಳುವ ಎತ್ತು ಬೇಗನೆ ದಣಿಯುವುದು. ಈ ಮೆಲ್ಲನೆಯ ನಷ್ಟವನ್ನು ಯಾರೂ ಬರೆದಿಡುವುದಿಲ್ಲವಾದ್ದರಿಂದ ಅದು ನಷ್ಟವೆಂದೇ ಎಣಿಕೆಗೆ ಬರುವುದಿಲ್ಲ. ನನ್ನ ಅಭಿಪ್ರಾಯದಲ್ಲಿ ಕುರಿಗಳ ಸಾವಿಗಿಂತ ಇದೇ ದೊಡ್ಡದು.

ಔಷಧಗಳ ವಿಷಯವಾಗಿ ಒಂದೆರಡು ಮಾತು. ಆಕ್ಸಿಕ್ಲೋಜನೈಡ್ ಮುಂತಾದವು ಬಲಿತ ಹುಳುಗಳನ್ನು ಕೊಲ್ಲುವುವೇ ಹೊರತು ಯಕೃತ್ತನ್ನು ಕೊರೆಯುತ್ತಿರುವ ಎಳೆಯ ಹುಳುಗಳನ್ನು ಚೆನ್ನಾಗಿ ಕೊಲ್ಲಲಾರವು. ಟ್ರೈಕ್ಲಾಬೆಂಡಜೋಲ್ ಎಂಬುದು ಎಳೆಯ ಹುಳುಗಳನ್ನೂ ಕೊಲ್ಲುವುದು. ಆದರೆ ಇದನ್ನೊಂದನ್ನೇ ಪದೇ ಪದೇ ಕೊಟ್ಟಲ್ಲಿ ಹುಳುಗಳು ಅದಕ್ಕೆ ಬಗ್ಗದಂತಾಗುವುವು. ಆಸ್ಟ್ರೇಲಿಯದಲ್ಲಿ 1995ರಲ್ಲಿಯೇ ಹೀಗಾದುದು ವರದಿಯಾಗಿದೆ. ಕರೆಯುವ ಹಸುವಿಗೆ ಯಾವ ಔಷಧ ಸಲ್ಲುವುದು, ಎಷ್ಟು ದಿನ ಹಾಲನ್ನು ಬಳಸಕೂಡದು ಎಂಬುದನ್ನು ಪಶುವೈದ್ಯರನ್ನು ಕೇಳಿಯೇ ನಡೆಯತಕ್ಕದ್ದು.

ಔಷಧಕ್ಕಿಂತ ಮೊದಲು ಮಾಡತಕ್ಕ ಕೆಲಸವು ಚಕ್ರದ ಕೀಲನ್ನು ಎಲ್ಲಿಯಾದರೂ ಒಂದು ಕಡೆ ಮುರಿಯುವುದು. ಜೌಗು ಮೂಲೆಗಳಿಗೆ ಮುಳ್ಳಿನ ಬೇಲಿ ಕಟ್ಟಿ, ಬಾವಿಯ ನೀರನ್ನು ತೊಟ್ಟಿಯಲ್ಲಿ ಕುಡಿಸಿದರೆ ಅರ್ಧ ಕೆಲಸ ಮುಗಿಯಿತು. ಬೇಸಗೆಯಲ್ಲಿ ಕೆರೆಯ ನೀರು ಹಿಂದೆ ಸರಿದಂತೆಲ್ಲ ಅಂಚಿನಲ್ಲಿ ಹಸುರು ಹುಟ್ಟುವುದಷ್ಟೆ; ಬೇರೆಲ್ಲಿಯೂ ಮೇವಿಲ್ಲದ ಕಾಲದಲ್ಲಿ ದನಗಳೆಲ್ಲ ಅಲ್ಲಿಯೇ ಕೂಡುವುದರಿಂದ ಆ ಹಸುರು ಬಹಳ ಅಪಾಯಕರವಾದುದು. ಗದ್ದೆಯಿಂದ ಹಸಿಯಾಗಿ ಕೊಯ್ದು ತಂದ ಹುಲ್ಲಿನಲ್ಲಿ ಕೋಶಗಳು ನೀರಿಗೆ ಸಮೀಪವಾದ ಬುಡದ ಭಾಗದಲ್ಲಿ ಅಂಟಿರುವುವೆಂಬುದು ಇಂಡೋನೇಷ್ಯದ ಭತ್ತದ ಗದ್ದೆಗಳಲ್ಲಿ ನಡೆದ ಪರೀಕ್ಷೆಗಳಿಂದ ತಿಳಿದುಬಂದಿದೆ. ಆದಕಾರಣ ಬುಡವನ್ನು ಬಿಟ್ಟು ಕೊಯ್ಯುವುದು, ಇಲ್ಲವೆ ಎರಡು ಮೂರು ದಿನ ಕಡುಬಿಸಿಲಿನಲ್ಲಿ ಒಣಗಿಸಿ ಹಾಕುವುದು ಒಳ್ಳೆಯದು. ಸಗಣಿಯನ್ನು ಹಸಿಯಾಗಿ ನೀರುಗದ್ದೆಗೆ ಚೆಲ್ಲದೆ ಗುಂಡಿಯಲ್ಲಿ ಕೊಳೆಯಿಸಿದರೆ ಅದರ ಕಾವಿಗೆ ಮೊಟ್ಟೆಗಳು ಸಾಯುವುವು. ಗೊಬ್ಬರಕ್ಕಾಗಿ ಹೊಲದಲ್ಲಿ ಕುರಿಮಂದೆ ನಿಲ್ಲಿಸುವ ನಮ್ಮವರ ಪದ್ಧತಿಯು ಬಹಳ ಪ್ರಯೋಜನಕಾರಿಯಾದುದು. ಆದರೆ ಹುಳುವಿರುವ ಮಂದೆಯನ್ನು ನೀರು ನಿಲ್ಲುವ ಗದ್ದೆಯಲ್ಲಿ ನಿಲ್ಲಿಸಿದರೆ ಗೊಬ್ಬರದೊಡನೆ ರೋಗವನ್ನೂ ಬಿತ್ತಿದಂತಾಗುವುದು. ಬಾತುಗಳು ಬಸವನಹುಳುಗಳನ್ನು ಪ್ರೀತಿಯಿಂದ ತಿನ್ನುವುವು. ಮೈಲುತುತ್ತನ್ನು ನೀರಿಗೆ ಹಾಕಿದರೆ ಬಸವನಹುಳುಗಳು ಸಾಯುವುದು ನಿಜವಾದರೂ ಮೀನುಗಳೂ ಸಾಯುವುದರಿಂದ ಕೆರೆಗಳಲ್ಲಿ ಅದನ್ನು ಬಳಸಕೂಡದು.

ಇನ್ನೊಂದು ಹುಳುವಿನ ಮಾತನ್ನು ಇಲ್ಲಿ ಸೇರಿಸಬೇಕಾಗಿದೆ. ಕುರಿಯನ್ನು ಕೊಯ್ದಾಗ ಕಲೀಜದಲ್ಲಿ ಚಪ್ಪಟೆ ಹುಳುಗಳನ್ನು ಕಂಡು ಜನರು ಅಸಹ್ಯಪಟ್ಟು ನಾಯಿಗೆ ಎಸೆಯುವುದುಂಟು. ಚಪ್ಪಟೆ ಹುಳುವನ್ನು ತಿಂದುದರಿಂದ ನಾಯಿಗೆ ಆ ರೋಗವು ಅಂಟುವುದಿಲ್ಲ. ಅದು ಹುಲ್ಲಿನ ಮೇಲಿನ ಕೋಶದಿಂದಲೇ ಬರತಕ್ಕದ್ದು. ಆದರೆ ಅದೇ ಕಲೀಜದಲ್ಲಿಯೋ ಶ್ವಾಸಕೋಶದಲ್ಲಿಯೋ ನೀರು ತುಂಬಿದ ಬಿಳಿಯ ಗುಳ್ಳೆಗಳಿದ್ದರೆ ವಿಷಯವು ಬೇರೆ. ಈ ನೀರ್ಗುಳ್ಳೆಯು ನಾಯಿಯ ಕರುಳಿನಲ್ಲಿರುವ ಅರ್ಧ ಸೆಂಟಿಮೀಟರು ಉದ್ದದ ಲಾಡಿಹುಳುವಿನ ಮರಿಗಳ ಗೂಡು. ನಾಯಿಯು ಅದನ್ನು ತಿಂದ ಏಳೆಂಟು ವಾರಗಳಲ್ಲಿ ಅದರ ಮಲದೊಡನೆ ಮೊಟ್ಟೆಗಳು ಹೊರಬೀಳತೊಡಗುವುವು. ಹುಲ್ಲಿನೊಡನೆ ಕುರಿಯೂ, ತೊಳೆಯದ ಕೈ ಮತ್ತು ಸೊಪ್ಪುಗಳ ಮೂಲಕ ಮನುಷ್ಯನೂ ಅವನ್ನು ನುಂಗಿದರೆ ಅವರ ಯಕೃತ್ತಿನಲ್ಲಿಯೂ ಅಂತಹ ಗುಳ್ಳೆಗಳೇ ವರ್ಷಗಟ್ಟಲೆ ಬೆಳೆಯುವುವು. ನಾಯಿಯನ್ನು ಮುದ್ದಿಸುವ ಮಕ್ಕಳಿಗೆ ಈ ಅಪಾಯ ಹೆಚ್ಚು.

ಉತ್ತರ ಅಟ್ಲಾಂಟಿಕ್ ಸಾಗರದಲ್ಲಿರುವ ಐಸ್‌ಲೆಂಡ್ ಎಂಬ ಚಿಕ್ಕ ದ್ವೀಪದಲ್ಲಿ ಕುರಿಯೇ ಜೀವನಾಧಾರ. ಹತ್ತೊಂಬತ್ತನೆಯ ಶತಮಾನದಲ್ಲಿ ಅಲ್ಲಿಯ ಜನರಲ್ಲಿ ನೀರ್ಗುಳ್ಳೆಯ ರೋಗವು ಭಯಂಕರವಾಗಿ ಹಬ್ಬಿದ್ದಿತು. 1863ರಲ್ಲಿ ಡೆನ್ಮಾರ್ಕಿನ ಪಶುವೈದ್ಯ ಹರಾಲ್ಡ್ ಕ್ರಾಬೆಯು ಅಲ್ಲಿಗೆ ಹೋಗಿ 100 ನಾಯಿಗಳನ್ನು ಕೊಯ್ದು ನೋಡಲು 28ರಲ್ಲಿ ಲಾಡಿಹುಳುವಿದ್ದಿತು. ಆತನು ಊರಿಗೆ ಮರಳಿ ಜನರಿಗೆ ತಿಳಿಯುವ ಮಾತಿನಲ್ಲಿ ಒಂದು ಚಿಕ್ಕ ಪುಸ್ತಕವನ್ನು ಬರೆದನು. 1864ರಲ್ಲಿ ಅದನ್ನು ಅಚ್ಚುಹಾಕಿಸಿ ದ್ವೀಪದ ಮನೆಮನೆಗೂ ಉಚಿತವಾಗಿ ಹಂಚಿದರು. ಗುಳ್ಳೆಗಳನ್ನು ನಾಯಿಗೆ ಹಾಕದೆ ಸುಡಿರಿ ಅಥವಾ ಹೂಳಿರಿ ಎಂಬುದೇ ಅದರ ಸಾರ. ಅಲ್ಲಿಯ ಚಳಿಗಾಲದ ರಾತ್ರಿಗಳು ಬಹು ದೀರ್ಘವಾದವು, ಜನರೂ ಓದುಬರಹ ಬಲ್ಲವರು. ಪುಸ್ತಕವನ್ನು ಓದಿದರು, ಓದಿದಂತೆ ನಡೆದರು. ಮುಂದೆ ನಾಯಿಗಳ ವಿಷಯದಲ್ಲಿ ಕಾನೂನುಗಳೂ ಬಂದವು. ಆ ದ್ವೀಪದಲ್ಲಿ ಆ ರೋಗವು ಈಗ ಇಲ್ಲ. ಇಂತಹ ಪತ್ರಿಕೆಗೆ ಬರೆಯುವವರು ಬೇಸರವಾದಾಗ ಈ ವೃತ್ತಾಂತವನ್ನು ನೆನೆಸಿಕೊಳ್ಳುವುದುಂಟು.

ಆದರೆ ಅದೇ ದ್ವೀಪದಲ್ಲಿ, ಅದೇ ಕುರಿಗಳಲ್ಲಿ, ಅದೇ ಶ್ರದ್ಧೆಯುಳ್ಳ ಜನರಿಗೆ ಇನ್ನೊಂದು ರೋಗವು ಹೀಗೆ ಸುಲಭವಾಗಿ ಮಣಿಯಲಿಲ್ಲ. 1878ರಲ್ಲಿ ಡೆನ್ಮಾರ್ಕಿನಿಂದ ತಂದ ಒಂದು ಟಗರಿನೊಡನೆ ಅದು ಬಂದಿತೆಂದು ಹೇಳುವರು. ಇಂಗ್ಲೆಂಡಿನಲ್ಲಿ ಅದು 1732ರಿಂದಲೂ ತಿಳಿದಿದ್ದ ರೋಗ. ಕುರಿಯು ಬೇಲಿಗೆ ಮೈಯನ್ನು ಉಜ್ಜಿ ಉಜ್ಜಿ ಉಣ್ಣೆಯನ್ನೆಲ್ಲ ಕಳೆದುಕೊಳ್ಳುವುದರಿಂದ ಸ್ಕ್ರೇಪಿ ಎಂಬ ಹೆಸರು ಬಂದಿದೆ. ಎರಡರಿಂದ ಐದು ವರ್ಷದ ಕುರಿಯಲ್ಲಿ ಮೊದಲು ತುರಿಕೆ, ಆಮೇಲೆ ನಡುಕ, ಹಿಂಗಾಲುಗಳ ತಡವರಿಕೆ, ಕೊನೆಗೆ ಮರಣ. ಜ್ವರವಿಲ್ಲ. ಹೊಟ್ಟೆಯನ್ನು ಕೊಯ್ದು ನೋಡಿದರೆ ಹುಳುವಿಲ್ಲ, ಹುಣ್ಣಿಲ್ಲ. ಮಿದುಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಮಾತ್ರ ಸ್ಪಂಜಿನಂತೆ ಸಣ್ಣ ಸಣ್ಣ ತೂತುಗಳು ಕಾಣುವುವು.

ಇದು ಅಂಟುರೋಗವೋ ವಂಶದ ದೋಷವೋ ಎಂಬ ಜಗಳವು ಇನ್ನೂರು ವರ್ಷ ನಡೆಯಿತು. 1936ರಲ್ಲಿ ಫ್ರಾನ್ಸಿನ ಕ್ವಿಯೆ ಮತ್ತು ಶೆಲ್ ಎಂಬ ಇಬ್ಬರು ಪಶುವೈದ್ಯರು ರೋಗದ ಕುರಿಯ ನರಾಂಶವನ್ನು ಆರೋಗ್ಯವಾದ ಕುರಿಗಳ ಕಣ್ಣಿಗೆ ಚುಚ್ಚಿ, ಒಂದು ವರ್ಷಕ್ಕೂ ಮೀರಿ ಕಾದು, ರೋಗವು ಬಂದುದನ್ನು ತೋರಿಸಿದರು. ಅದೇ ಕಾಲದಲ್ಲಿ ಸ್ಕಾಟ್ಲೆಂಡಿನಲ್ಲಿ ಬೇರೆ ಒಂದು ರೋಗಕ್ಕಾಗಿ ಕುರಿಗಳ ಮಿದುಳು ಮುಂತಾದವುಗಳಿಂದ ಲಸಿಕೆಯನ್ನು ತಯಾರಿಸಿದ್ದರು. ಉಣ್ಣೆಹುಳುವಿನಿಂದ ಹರಡುವ ಆ ಬೇರೆ ರೋಗದ ವಿಷಾಣುವು ನಮ್ಮ ಮಲೆನಾಡಿನ ಮಂಗನ ಕಾಯಿಲೆಯ ವಿಷಾಣುವಿಗೆ ಬಳಗವಾದುದು. ಲಸಿಕೆಯಲ್ಲಿದ್ದ ಜೀವಾಣುಗಳೆಲ್ಲ ಸಾಯುವಂತೆ ಫಾರ್ಮಲಿನ್ ಸೇರಿಸಿದ್ದರು. 1935ರಲ್ಲಿ ಅದರ ಒಂದು ತಂಡವನ್ನು ಸುಮಾರು 18,000 ಕುರಿಗಳಿಗೆ ಚುಚ್ಚಿದರು. ಎರಡು ವರ್ಷಗಳಾದ ಮೇಲೆ ಆ ಹಿಂಡುಗಳಲ್ಲಿ ಸ್ಕ್ರೇಪಿ ತೋರಿತು. ಮಿದುಳನ್ನು ಕೊಟ್ಟ ಕುರಿಗಳಲ್ಲಿ ಯಾವುದಕ್ಕೋ ಆ ರೋಗವು ಮರೆಯಾಗಿದ್ದು, ಫಾರ್ಮಲಿನ್ ಅದನ್ನು ಕೊಂದಿರಲಿಲ್ಲ.

ಫಾರ್ಮಲಿನ್‌ಗೆ ಸಾಯದ, ಕುದಿಸಿದರೂ ಕೆಡದ ಈ ವಸ್ತು ಯಾವುದು? 1967ರಲ್ಲಿ ತಿಕ್ವಾ ಆಲ್ಪರ್ ಎಂಬ ವಿದುಷಿಯೂ ಅವರ ಸಂಗಡಿಗರೂ, ಜೀವಾಣು ವಿಷಾಣುಗಳ ವಂಶಬೀಜವನ್ನು ನಾಶಮಾಡುವ ಕಿರಣಗಳು ಇದನ್ನು ಕೆಡಿಸಲಾರವೆಂದು ತೋರಿಸಿದರು. ಎಂದರೆ ಇದಕ್ಕೆ ವಂಶಬೀಜವೇ ಇಲ್ಲ. 1982ರಲ್ಲಿ ಅಮೆರಿಕದ ಸ್ಟ್ಯಾನ್ಲಿ ಪ್ರುಸಿನರ್ ಇದು ಬರಿಯ ಪ್ರೋಟೀನೆಂದು ಸಾರಿ ಪ್ರಿಯಾನ್ ಎಂಬ ಹೆಸರನ್ನಿಟ್ಟರು. ಬಹುಮಂದಿ ನಂಬಲಿಲ್ಲ, 1997ರಲ್ಲಿ ಅವರಿಗೆ ನೊಬೆಲ್ ಬಹುಮಾನ ಬಂದಿತು.

ಪ್ರಿಯಾನಿನ ಕೆಲಸವನ್ನು ಮನೆಯ ದೃಷ್ಟಾಂತದಿಂದ ತಿಳಿಯಬಹುದು. ಕುರಿಯ ನರಗಳಲ್ಲಿ ಒಂದು ಪ್ರೋಟೀನು ಸ್ವಭಾವತಃ ಇದ್ದೇ ಇರುವುದು. ಅದೇ ಪ್ರೋಟೀನು ಮಡಿಕೆ ತಪ್ಪಿ ಬೇರೆ ಆಕಾರವನ್ನು ತಾಳಿದರೆ, ತನಗೆ ತಗುಲಿದ ಒಳ್ಳೆಯ ಪ್ರೋಟೀನನ್ನೂ ತನ್ನಂತೆಯೇ ತಿರುಗಿಸುವುದು. ಒಂದು ಹನಿ ಹೆಪ್ಪು ಕೊಡದ ಹಾಲನ್ನು ಮೊಸರಾಗಿಸುವಂತೆ. ಹೆಪ್ಪಿನಲ್ಲಿ ಜೀವಾಣುಗಳಿವೆ, ಇಲ್ಲಿ ಅವೂ ಇಲ್ಲ. ಉಪಮೆಯು ಅಷ್ಟರಮಟ್ಟಿಗೆ ಕುಂಟುವುದು. ದೇಹವು ಇದನ್ನು ತನ್ನದೇ ವಸ್ತುವೆಂದು ಭಾವಿಸುವುದರಿಂದ ಶತ್ರುವನ್ನು ಎದುರಿಸುವಂತೆ ಎದುರಿಸುವುದಿಲ್ಲ, ಜ್ವರವೂ ಬರುವುದಿಲ್ಲ. ವರ್ಷಗಳು ಕಳೆದು ಮಿದುಳು ತೂತಾದ ಮೇಲೆಯೇ ರೋಗವು ಹೊರಗೆ ಕಾಣುವುದು. ಔಷಧವು ಇದುವರೆಗೂ ಇಲ್ಲ.

ಹುಳುವಿನ ರೋಗಕ್ಕೂ ಇದಕ್ಕೂ ಇರುವ ಭೇದವು ಇಲ್ಲಿಯೇ ಇದೆ. ಹುಳುವಿಗೆ ಮೊಟ್ಟೆ ಬೇಕು, ಮೊಟ್ಟೆಗೆ ನೀರು ಬೇಕು, ಮರಿಗೆ ಬಸವನಹುಳುವೋ ನಾಯಿಯೋ ಬೇಕು; ಇಷ್ಟು ಸಂಕೋಲೆಯಲ್ಲಿ ಯಾವ ಕೊಂಡಿಯನ್ನು ಮುರಿದರೂ ಸಾಕು. ಪ್ರಿಯಾನಿಗೆ ಇಂತಹ ಕೊಂಡಿಗಳಿಲ್ಲ. ಸ್ಕ್ರೇಪಿಯು ಮುಖ್ಯವಾಗಿ ಈದ ಕುರಿಯ ಮಾಸಿನಿಂದಲೂ ಅದು ಬಿದ್ದ ನೆಲದಿಂದಲೂ ಮರಿಗಳಿಗೆ ಅಂಟುವುದು. ಐಸ್‌ಲೆಂಡಿನವರು ರೋಗದ ಹಿಂಡುಗಳನ್ನು ಪೂರ್ತಿಯಾಗಿ ಕೊಂದು, ಹಟ್ಟಿಗಳನ್ನು ತೊಳೆದು, ವರ್ಷಗಟ್ಟಲೆ ಬರಿದಾಗಿ ಬಿಟ್ಟು, ಆಮೇಲೆ ನಿರ್ಮಲವಾದ ಕುರಿಗಳನ್ನು ತಂದು ಕಟ್ಟಿದರೂ ಕೆಲವೆಡೆ ರೋಗವು ಮರುಕಳಿಸಿತು. ಒಂದು ಕಡೆ ಕನಿಷ್ಠ 16 ವರ್ಷಗಳವರೆಗೆ ಅದು ಹಟ್ಟಿಯಲ್ಲಿಯೇ ಉಳಿದಿದ್ದಿತೆಂದು 2006ರಲ್ಲಿ ಪ್ರಕಟಿಸಿದ್ದಾರೆ. ಈ ಪ್ರೋಟೀನು ಸುಲಭವಾಗಿ ಮಡಿಕೆ ತಪ್ಪದ ಕುರಿಗಳು ಅಲ್ಲಿಯೂ ಇವೆಯೆಂದು 2022ರಲ್ಲಿ ತಿಳಿದುಬಂದ ಮೇಲೆ, ಅಂತಹ ತಳಿಯನ್ನು ಹೆಚ್ಚಿಸುವ ಪ್ರಯತ್ನವು ನಡೆದಿದೆ.

ಪ್ರಿಯಾನಿನ ದಾರಿಯನ್ನು ಮನುಷ್ಯನೇ ಹೇಗೆ ಅಗಲಮಾಡಿಕೊಟ್ಟನೆಂಬುದಕ್ಕೆ ಬ್ರಿಟನ್ನಿನ ಹಸುಗಳೇ ನಿದರ್ಶನ. ಅಲ್ಲಿ ಕಸಾಯಿಖಾನೆಯಲ್ಲಿ ಉಳಿದ ಮೂಳೆ, ಕರುಳು, ತಲೆಗಳನ್ನು ಬೇಯಿಸಿ ಹಿಟ್ಟುಮಾಡಿ, ಪ್ರೋಟೀನಿಗಾಗಿ ಹಸುಗಳ ದಾಣಿಗೆ ಬೆರೆಸುವ ಪದ್ಧತಿಯಿದ್ದಿತು. ಹುಲ್ಲು ತಿನ್ನುವ ಪ್ರಾಣಿಗೆ ಅದರ ಜಾತಿಯ ಮಾಂಸವನ್ನೇ ಉಣಿಸಿದಂತಾಯಿತು. 1986ನೆಯ ಇಸವಿಯ ಕೊನೆಯಲ್ಲಿ ಬೆದರುವ, ಒದೆಯುವ, ನಿಲ್ಲಲಾರದೆ ಬೀಳುವ ಹಸುಗಳ ಮಿದುಳಿನಲ್ಲಿ ಸ್ಕ್ರೇಪಿಯಂತಹ ತೂತುಗಳು ಕಂಡವು. ರೋಗವು ದಾಣಿಯಿಂದಲೇ ಬರುವುದೆಂದು ಗೊತ್ತಾಗಿ 1988ರ ಜುಲೈಯಲ್ಲಿ ಅದನ್ನು ನಿಷೇಧಿಸಿದರು. ಆದರೂ ಬೀಜವು ಆಗಲೇ ಬಿತ್ತಿಯಾಗಿದ್ದಿತು. ರೋಗವು ಹೊರಬೀಳಲು ನಾಲ್ಕೈದು ವರ್ಷಗಳು ಬೇಕಾದುದರಿಂದ ನಿಷೇಧದ ನಂತರ ಸಂಖ್ಯೆಯು ಏರುತ್ತಲೇ ಹೋಗಿ 1992ರಲ್ಲಿ ಒಂದೇ ವರ್ಷಕ್ಕೆ 37,000ವನ್ನು ಮೀರಿತು. ಒಟ್ಟು 1,80,000ಕ್ಕೂ ಹೆಚ್ಚು ಹಸುಗಳಿಗೆ ರೋಗವು ತಗುಲಿತು. ಇವುಗಳಲ್ಲಿ 40,000ಕ್ಕೂ ಮೀರಿದವು ನಿಷೇಧದ ನಂತರ ಹುಟ್ಟಿದವು! ಕಾರಣವೇನೆಂದರೆ ಹಂದಿ ಕೋಳಿಗಳಿಗಾಗಿ ಅದೇ ಹಿಟ್ಟು ಅದೇ ಗಿರಣಿಗಳಲ್ಲಿ ತಯಾರಾಗುತ್ತಿದ್ದು, ಯಂತ್ರದಲ್ಲಿ ಉಳಿದ ಚೂರುಪಾರು ಹಸುವಿನ ದಾಣಿಗೂ ಸೇರುತ್ತಿದ್ದಿತು. ರೋಗದ ಮಿದುಳು ಒಂದು ಗ್ರಾಮಿಗಿಂತ ಕಡಮೆ ಹೊಟ್ಟೆಗೆ ಹೋದರೂ ಹಸುವಿಗೆ ರೋಗ ಬರುವುದೆಂದು ಆಮೇಲೆ ಪರೀಕ್ಷೆಗಳಿಂದ ತಿಳಿಯಿತು. 1996ರ ಮಾರ್ಚಿಯಲ್ಲಿ ಇದು ಮನುಷ್ಯರಿಗೂ ಬಂದಿದೆಯೆಂದು ಅಲ್ಲಿಯ ಸರ್ಕಾರವು ಒಪ್ಪಿಕೊಂಡಿತು. ಆ ದೇಶವೊಂದರಲ್ಲಿಯೇ 178 ಜನರು ತೀರಿಕೊಂಡರು. ಲಕ್ಷಾಂತರ ಹಸುಗಳನ್ನು ಕೊಂದು ಸುಡಬೇಕಾಯಿತು. ಆ ವರ್ಷ ಸಸ್ತನಿಗಳ ಮಾಂಸ ಮೂಳೆಗಳ ಹಿಟ್ಟನ್ನು ಸಾಕುಪ್ರಾಣಿಗಳಾವುದಕ್ಕೂ ಹಾಕಕೂಡದೆಂದು ಕಟ್ಟುಮಾಡಿದ ಮೇಲೆಯೇ ರೋಗವು ಹಿಡಿತಕ್ಕೆ ಬಂದಿತು.

ನಮ್ಮ ದೇಶದಲ್ಲಿ ಹಸುಗಳ ಈ ರೋಗವು ಕಂಡುಬಂದಿಲ್ಲ. 2010ರಲ್ಲಿ ಜಾಗತಿಕ ಪಶು ಆರೋಗ್ಯ ಸಂಸ್ಥೆಯು ಭಾರತವನ್ನು ಅಪಾಯವು ಅತ್ಯಲ್ಪವಾದ ದೇಶಗಳ ಸಾಲಿಗೆ ಸೇರಿಸಿತು. ನಮ್ಮವರು ಹಿಂಡಿ, ಬೂಸಾ, ಹುಲ್ಲುಗಳನ್ನು ಹಾಕಿ ಹಸುವನ್ನು ಸಾಕಿದುದೇ ಇದಕ್ಕೆ ಬಹುಮಟ್ಟಿಗೆ ಕಾರಣ. ಕುರಿಯ ಸ್ಕ್ರೇಪಿಯಾದರೋ ಹಿಮಾಲಯದ ತಪ್ಪಲಿನಲ್ಲಿ ಕಂಡುದು 1961ರಲ್ಲಿ ವರದಿಯಾಗಿದೆ.

ಆದ್ದರಿಂದ ನಮ್ಮ ಹಳ್ಳಿಯಲ್ಲಿ ಕುರಿಯೊಂದು ಬೇಲಿಗೆ ಮೈಯುಜ್ಜಿದರೆ ಅದು ಬಹುತೇಕ ಕಜ್ಜಿಯೋ ಹೇನೋ ಆಗಿರುವುದು. ಗಾಬರಿಪಡಬೇಕಾಗಿಲ್ಲ, ಔಷಧ ಹಾಕಿಸಿದರೆ ಗುಣವಾಗುವುದು. ಹಸುವು ಮರುಳುಮರುಳಾಗಿ ವರ್ತಿಸಿ, ಜೊಲ್ಲು ಸುರಿಸಿ, ಬಗೆಬಗೆಯಾಗಿ ಕೂಗಿದರೆ ಅದು ಬ್ರಿಟನ್ನಿನ ರೋಗವಲ್ಲ, ಹುಚ್ಚುನಾಯಿ ಕಡಿತದ ರೋಗವೆಂದೇ ಮೊದಲು ಸಂಶಯಪಡತಕ್ಕದ್ದು. ಗಂಟಲಲ್ಲಿ ಏನೋ ಸಿಕ್ಕಿಕೊಂಡಿದೆಯೆಂದು ಬಾಯಿಗೆ ಕೈಹಾಕುವುದು ಪ್ರಾಣಾಪಾಯಕರ. ಹಾಗೆ ಮಾಡಿದವರು ಕೂಡಲೆ ಸೋಪು ನೀರಿನಿಂದ ಚೆನ್ನಾಗಿ ತೊಳೆದುಕೊಂಡು ಅದೇ ದಿನ ಆಸ್ಪತ್ರೆಗೆ ಹೋಗಿ ಸೂಜಿ ಹಾಕಿಸಿಕೊಳ್ಳಬೇಕು.

ಸಿದ್ಧಪಡಿಸಿದ ದಾಣಿಯನ್ನು ಕೊಳ್ಳುವ ರೈತರು ಈಚೆಗೆ ಹೆಚ್ಚುತ್ತಿದ್ದಾರೆ. ಹಾಲು ಕೊಡುವ ದನಗಳಿಗೆ ಮಾಂಸ ಮೂಳೆಗಳ ಹಿಟ್ಟು ಬೆರೆತ ದಾಣಿಯನ್ನು ಹಾಕಕೂಡದೆಂಬ ನಿಯಮವು ನಮ್ಮಲ್ಲಿಯೂ ಇದೆ. ಚೀಲದ ಮೇಲೆ ಬರೆದುದನ್ನು ಓದಿಯೇ ಕೊಳ್ಳಬೇಕು. ಕೋಳಿಯ ದಾಣಿಯು ಅಗ್ಗವೆಂದು ಹಸುವಿನ ಬಾನಿಗೆ ಸುರಿಯುವುದನ್ನು ಬಿಡಬೇಕು. ರಂಜಕದ ಕೊರತೆಯಿಂದ ದನಗಳು ಬಯಲಿನಲ್ಲಿ ಬಿದ್ದ ಮೂಳೆಯನ್ನು ಕಡಿಯುವುದುಂಟು. ಅವಕ್ಕೆ ಖನಿಜಗಳ ಮಿಶ್ರಣವನ್ನು ಕೊಡುವುದೇ ತಕ್ಕ ಪರಿಹಾರ. ಹೊಲದ ಗೊಬ್ಬರಕ್ಕೆ ತಂದ ಮೂಳೆಯ ಹಿಟ್ಟನ್ನು ಮೇವಿಗೆ ಬೆರೆಸಕೂಡದು, ದನಗಳಿಗೆ ನಿಲುಕುವಂತೆಯೂ ಇಡಕೂಡದು. ಕುರಿ ಈದಾಗ ಬಿದ್ದ ಮಾಸನ್ನು ನಾಯಿಗೂ ಹದ್ದಿಗೂ ಬಿಡದೆ ಆಳವಾಗಿ ಹೂಳುವುದು ಸ್ಕ್ರೇಪಿಯಿಲ್ಲದ ಊರಿನಲ್ಲಿಯೂ ಒಳ್ಳೆಯದೇ. ಕಂದು ಹಾಕಿಸುವ ಬೇರೆ ರೋಗಗಳೂ ಅದರಿಂದ ಹರಡುವುವು, ಮನುಷ್ಯರಿಗೂ ಅಂಟುವುವು.

ಮೊದಲು ಹೇಳಿದ ಕುರಿಗಾಹಿಯವರು ಆ ವರ್ಷವೇ ತೂಬಿನ ಕೆಳಗಿನ ಜೌಗಿಗೆ ಜಾಲಿಮುಳ್ಳಿನ ಬೇಲಿಯನ್ನು ಎಳೆದರು. ಊರಿನವರು ನಕ್ಕರಂತೆ. ಬಾವಿಯ ಬಳಿ ಕಲ್ಲಿನ ತೊಟ್ಟಿಯನ್ನು ಇಡಿಸಲು ಪಕ್ಕದ ಹೊಲದವರು ಮೊದಲು ಒಪ್ಪದೆ, ಮಂದೆಯನ್ನು ಎರಡು ರಾತ್ರಿ ಅವರ ಹೊಲದಲ್ಲಿ ನಿಲ್ಲಿಸಿಕೊಟ್ಟ ಮೇಲೆ ಒಪ್ಪಿದರು. ಮರುವರ್ಷ ಮಾಘಮಾಸದಲ್ಲಿ ಪುನಃ ಆ ಕಡೆಗೆ ಹೋದಾಗ ಇಪ್ಪತ್ತು ಕುರಿಗಳ ಹಿಕ್ಕೆಯನ್ನು ತರಿಸಿ ನೋಡಿದೆವು, ಮೂರರಲ್ಲಿ ಮೊಟ್ಟೆಗಳಿದ್ದವು. ಆ ಮೂರೂ ಸಂತೆಯಲ್ಲಿ ಹೊಸದಾಗಿ ಕೊಂಡು ತಂದವು.